ಮಾವ ಕಟ್ಟಿದ ತಪ್ಪು

ನಮ್ಮ ಕಡೆ ದಂಡ ಕಟ್ಟುವುದಕ್ಕೆ ತಪ್ಪು ಕಟ್ಟುವುದು ಎನ್ನುತ್ತಿದ್ದರು. ಊರಿನ ಅರಳಿಕಟ್ಟೆಯ ಮೇಲೆ ಹಿರಿಯರು ಕೂತು ನ್ಯಾಯ ಮಾಡಿ, ಇಂಥವನು ತಪ್ಪು ಕಟ್ಟಬೇಕು ಎಂದರೆ, ಅವನು ದುಡ್ಡನ್ನು ವೀಳ್ಯದೆಲೆಯ ಮೇಲಿಟ್ಟು, ಹೆಗಲ ಮೇಲಿನ ಟವೆಲನ್ನು ಇಳಿಸಿ ಸೊಂಟಕ್ಕೆ ಸುತ್ತಿಕೊಂಡು, ಎಲ್ಲರಿಗೂ ಕೈಮುಗಿದು ಬರಬೇಕಿತ್ತು. ದುಡ್ಡು ಎಷ್ಟು ಎಂಬುದನ್ನು ಜನ ಮರುದಿನವೇ ಮರೆಯುತ್ತಿದ್ದರು. ಟವೆಲು ಇಳಿಸಿದ್ದನ್ನು ಮಾತ್ರ ಮರೆಯುತ್ತಿರಲಿಲ್ಲ. ತಪ್ಪು ಕಟ್ಟಿದವನು ಆಮೇಲೆ ಕಟ್ಟೆಯ ಕೆಳಗೆ ನಿಂತು ಮಾತಾಡಬಹುದೇ ಹೊರತು ಮೇಲೆ ಹತ್ತಿ ಕೂರುವ ಹಾಗಿರಲಿಲ್ಲ. ಕೋರ್ಟಿನವರಿಗೆ ಇದೆಲ್ಲ ಎಲ್ಲಿ ಗೊತ್ತು? ಅವರು ದಂಡ ಎಂದು ಬರೆದರು, ನನ್ನ ಮಾವ ಅದನ್ನು ತಪ್ಪು ಎಂದು ಕೇಳಿಸಿಕೊಂಡರು. ಎರಡರ ನಡುವೆ ಇದ್ದವಳು ನಾನು. ನಾನು ಬಾಯಿ ಬಿಡಬೇಕಾದಾಗ ಬಿಡಲಿಲ್ಲ, ಬಿಟ್ಟಾಗ ಪೂರ್ತಿ ಬಿಡಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಯಲಹಂಕದ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಮಿಡ್ಲ್ ಸ್ಕೂಲು ಮುಗಿಸಿದ್ದೆ, ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಹೆಬ್ಬಾಳದ ಕೆರೆಯ ಹಿಂದಿನ ಹಳ್ಳಿಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ನಾಲ್ಕೇ ಜನ. ಮಾವ, ಅತ್ತೆ, ನನ್ನ ಗಂಡ, ನಾನು. ಗಂಡ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಕೆಲಸಕ್ಕಿದ್ದರು, ನಸುಕಿನಲ್ಲಿ ಸೈಕಲ್ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹಾಗಾಗಿ ಈ ವಿಷಯದಲ್ಲಿ ಅವರ ಪಾಲು ಏನೂ ಇಲ್ಲ, ಪಾಪ. ಸ್ವಲ್ಪ ಹೊಲ ಇತ್ತು, ಎರಡು ಎಮ್ಮೆ ಇದ್ದವು. ಹೊಲ ರಾಗಿ ಕೊಡುತ್ತಿತ್ತು. ಉಪ್ಪು, ಎಣ್ಣೆ, ಬಟ್ಟೆ, ನೆಂಟರು ಬಂದರೆ ಕಾಫಿಪುಡಿ, ಎಲ್ಲವೂ ಎಮ್ಮೆಗಳಿಂದಲೇ ಬರಬೇಕಿತ್ತು. ಅತ್ತೆಗೆ ಬೆರಳ ಗಂಟುಗಳಲ್ಲಿ ನೋವಿದ್ದುದರಿಂದ ಹಾಲು ಕರೆಯುವ ಕೆಲಸ ನನಗೆ ಬಂತು. ಕರೆದ ಹಾಲನ್ನು ಮಾವ ಎರಡು ಕ್ಯಾನುಗಳಿಗೆ ತುಂಬಿ, ಅಡ್ಡೆಗೆ ನೇತುಹಾಕಿ ಹೆಗಲ ಮೇಲೆ ಹೊತ್ತುಕೊಂಡು ದಂಡಿಗೆ ನಡೆದುಹೋಗುತ್ತಿದ್ದರು. ದಂಡು ಎಂದರೆ ಕಂಟೋನ್ಮೆಂಟು. ಆ ಇಂಗ್ಲಿಷ್ ಹೆಸರು ಆಗ ನಮ್ಮೂರಲ್ಲಿ ಯಾರ ನಾಲಗೆಯಲ್ಲೂ ಹೊರಳುತ್ತಿರಲಿಲ್ಲ.

ಮಾವ ಅರಳಿಕಟ್ಟೆಯ ಮೇಲೆ ಕೂರುವ ಐದು ಜನರಲ್ಲಿ ಒಬ್ಬರು. ಆ ಜಾಗ ಅವರಿಗೆ ಹೊಲದಿಂದ ಬಂದದ್ದಲ್ಲ, ಊರಿನಲ್ಲಿ ಅವರಿಗಿಂತ ಹೊಲ ಇದ್ದವರು ಬೇಕಾದಷ್ಟು ಜನ ಇದ್ದರು. ಮಾತಿನಿಂದ ಬಂದದ್ದು. ಅಳತೆಯಲ್ಲಿ, ಬೇಲಿಯಲ್ಲಿ, ಸಾಕ್ಷಿ ಹೇಳುವುದರಲ್ಲಿ ಅವರು ಒಂದು ಕೂದಲು ಆಚೀಚೆ ಹೋದವರಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಇಂಥವರ ಜೊತೆ ಒಂದೇ ಮನೆಯಲ್ಲಿ ಇರುವುದು ಸುಲಭ ಅಲ್ಲ. ಒಂದು ಸಲ ಪಕ್ಕದ ಮನೆಯವರಿಗೆ ಕೊಟ್ಟ ಸೇರು ರಾಗಿ ತಲೆತಟ್ಟಾಗಿತ್ತು, ಗೋಪುರ ಇರಲಿಲ್ಲ ಎಂದು ಅತ್ತೆಯನ್ನು ವಾಪಸ್ಸು ಕಳಿಸಿ ಒಂದು ಹಿಡಿ ಹಾಕಿಸಿದ್ದರು. ನಾನು ಒಳಗೇ ನಕ್ಕಿದ್ದೆ.

ದಂಡಿಗೆ ಹೊರಡುವ ಮುಂಚೆ ಮಾವ ಒಂದು ಶಾಸ್ತ್ರ ಮಾಡುತ್ತಿದ್ದರು. ತಂಬಿಗೆಯ ನೀರಿನಲ್ಲಿ ಬೆರಳು ಅದ್ದಿ ಒಂದೊಂದು ಕ್ಯಾನಿಗೂ ಒಂದೊಂದು ತೊಟ್ಟು ಬೀಳಿಸಿ, ತಣ್ಣಗಿರಲಿ ಎನ್ನುತ್ತಿದ್ದರು. ಅಪ್ಪಟ ಹಾಲನ್ನು ಹಾಗೇ ಹೊರಗೆ ಕಳಿಸಬಾರದು, ಅದು ಯಾರದೋ ಒಲೆಯ ಮೇಲೆ ಉಕ್ಕಿ ಬೆಂಕಿಗೆ ಬಿದ್ದರೆ ಇಲ್ಲಿ ನಮ್ಮ ಎಮ್ಮೆಯ ಕೆಚ್ಚಲು ಉರಿಯುತ್ತದೆ ಎಂಬುದು ನಂಬಿಕೆ. ಆ ಸುತ್ತಿನ ಹಾಲಿನ ಮನೆಗಳಲ್ಲೆಲ್ಲ ಹೀಗೇ ಮಾಡುತ್ತಿದ್ದರು. ಅದನ್ನು ನೀರು ಬೆರೆಸುವುದು ಎಂದು ಯಾರೂ ಅಂದುಕೊಂಡಿರಲಿಲ್ಲ. ದೀಪಕ್ಕೆ ಕೈಮುಗಿದ ಹಾಗೆ ಅದೂ ಒಂದು.

ಮದುವೆಯಾದ ವರ್ಷದಲ್ಲೇ ನನಗೆ ಮುಟ್ಟು ನಿಂತಿತು. ಯಾರಿಗೂ ಹೇಳಿರಲಿಲ್ಲ. ಮೊದಲ ಬಸಿರು, ಹೇಳಲು ನಾಚಿಕೆ, ಹೇಳಿದ ಮೇಲೆ ನಿಲ್ಲದಿದ್ದರೆ ಎಂಬ ಭಯ. ಮುದ್ದೆ ಕಂಡರೆ ವಾಕರಿಕೆ ಬರುತ್ತಿತ್ತು. ಸಾರಿನ ಒಗ್ಗರಣೆಯ ವಾಸನೆಗೆ ಹಿತ್ತಲಿಗೆ ಓಡುತ್ತಿದ್ದೆ. ಒಂದು ದಿನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ಏನನಿಸಿತೋ, ಪಾತ್ರೆಯಿಂದ ಒಂದು ಲೋಟ ನೊರೆಹಾಲು ಮೊಗೆದು ಗಟಗಟ ಕುಡಿದುಬಿಟ್ಟೆ. ಅದು ಹೊಟ್ಟೆಯಲ್ಲಿ ನಿಂತಿತು. ಅದೊಂದೇ ನಿಂತಿತು. ಮರುದಿನ ಮತ್ತೆ ಕುಡಿದೆ.

ಹಾಲಿನ ಮನೆಯಲ್ಲಿ ಹಾಲು ಕುಡಿಯುವವರು ಯಾರೂ ಇರಲಿಲ್ಲ ಎಂದರೆ ಈಗಿನವರಿಗೆ ನಗು ಬರಬಹುದು. ಮಾವನಿಗೂ ಅತ್ತೆಗೂ ಮಜ್ಜಿಗೆಯೇ. ಹಬ್ಬಕ್ಕೆ ಪಾಯಸ ಮಾಡಿದರೆ ಆ ಹಾಲನ್ನೂ ಅತ್ತೆ ಅಳೆದೇ ಕೊಡುತ್ತಿದ್ದರು. ದಂಡಿನಲ್ಲಿ ಅಷ್ಟು ಮನೆಗಳಿಗೆ ಅಷ್ಟಷ್ಟು ಹಾಲು ಹಾಕಬೇಕು, ಒಂದು ಪಾವು ಕಡಿಮೆಯಾದರೂ ಯಾವುದೋ ಮನೆಯ ಬಾಗಿಲಲ್ಲಿ ಮಾವ ತಲೆ ತಗ್ಗಿಸಬೇಕು. ನಾನು ಕುಡಿದಷ್ಟನ್ನು ತುಂಬಿಸಲೇಬೇಕಿತ್ತು. ತುಂಬಿಸಿದೆ. ಮೊದಲ ದಿನ ಲೋಟಕ್ಕೆ ಲೋಟ. ಆಮೇಲೆ ಹಸಿವು ಜಾಸ್ತಿಯಾಯಿತು, ಧೈರ್ಯವೂ ಜಾಸ್ತಿಯಾಯಿತು. ಕೊನೆಕೊನೆಗೆ ಒಂದು ಚೊಂಬು ಹಾಲು ನನಗೆ, ಒಂದು ಚೊಂಬು ನೀರು ಪಾತ್ರೆಗೆ. ಅತ್ತೆಯನ್ನು ಕೇಳಿದ್ದರೆ ಕೊಡುತ್ತಿದ್ದರು. ಇದನ್ನು ನಾನು ಆಗಲೂ ಬಲ್ಲೆ. ಅವರು ಗದರುವವರೇ ಹೊರತು ಕೆಟ್ಟವರಲ್ಲ. ಕೇಳುವುದಕ್ಕಿಂತ ಕದಿಯುವುದು ಸುಲಭ ಅನಿಸಿತು, ಕದ್ದೆ. ಅತ್ತೆಯನ್ನು ರಾಕ್ಷಸಿ ಮಾಡಿ ನಾನು ಪಾರಾಗುವ ಹಾಗಿಲ್ಲ.

ಹೀಗೇ ಒಂದು ತಿಂಗಳು ನಡೆದಿರಬೇಕು. ಒಂದು ಬೆಳಿಗ್ಗೆ ದಂಡಿನ ಅಂಚಿನಲ್ಲಿ ಹೆಲ್ತ್ ಇನ್ಸ್‌ಪೆಕ್ಟರು ಹಾಲು ಹೊರುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕ್ಯಾನಿನೊಳಗೆ ಗಾಜಿನ ಕಡ್ಡಿ ಇಳಿಬಿಟ್ಟು ನೋಡಿದರಂತೆ. ಮಾವನ ಹಾಲನ್ನು ಸೀಸೆಗೆ ತುಂಬಿ, ಅರಗಿನ ಮುದ್ರೆ ಒತ್ತಿ, ಅವರ ಹೆಬ್ಬೆಟ್ಟು ಹಾಕಿಸಿಕೊಂಡು ಕಳಿಸಿದರಂತೆ. ಮಾವ ಮನೆಗೆ ಬಂದು ಇದನ್ನು ಹೇಳಿದ್ದು ತಮಾಷೆಯ ಸುದ್ದಿಯ ಹಾಗೆ.

“ನಮ್ಮ ಆಲು ಸೀಸೆ ಒಳಗೆ ಕೂತು ಮೋಟಾರಲ್ಲಿ ಓಯ್ತು ಕಣೆ,” ಎಂದು ಅತ್ತೆಗೆ ಹೇಳಿ ನಕ್ಕರು. ಅವತ್ತಿನಿಂದ ನಾನು ಒಂದು ಲೋಟವನ್ನೂ ಮುಟ್ಟಲಿಲ್ಲ. ಆ ವಾರವೇ ಅತ್ತೆಗೆ ಬಸಿರಿನ ವಿಷಯ ಹೇಳಿದೆ. ಅವರು ಅವತ್ತೇ ಒಂದು ಲೋಟ ಹಾಲು ಕಾಸಿ ಬೆಲ್ಲ ಹಾಕಿ ಕೊಟ್ಟರು. ಮೊದಲೇ ಹೇಳಬಾರದಿತ್ತಾ ಎಂದು ಬೈದರು.

ಮಾವನಿಗೆ ಕೋರ್ಟಿನಿಂದ ಕರೆ ಬಂತು. ಲಾಯರನ್ನು ಇಡಲಿಲ್ಲ. ಸತ್ಯ ಹೇಳೋದಕ್ಕೆ ಬಾಡಿಗೆ ಬಾಯಿ ಯಾಕೆ ಎಂದರು. ಅಲ್ಲಿ ನಡೆದದ್ದನ್ನು ಸಂಜೆ ಜಗುಲಿಯಲ್ಲಿ ಕೂತು ಅವರೇ ಹೇಳಿದರು. ಮ್ಯಾಜಿಸ್ಟ್ರೇಟರು ಹಾಲಿಗೆ ನೀರು ಹಾಕಿದ್ದೀಯಾ ಎಂದು ಕೇಳಿದರಂತೆ.

“ಆಕಿವ್ನಿ ಬುದ್ಧಿ, ದಿನಾ ಆಕ್ತೀನಿ ಅಂದೆ. ಆಕ್ದೆ ಯಾರಾದ್ರೂ ಆಲು ಆಚೆ ಕಳಿಸ್ತಾರಾ ಅಂದೆ. ಎಲ್ಲಾ ನಗಾಡಿದ್ರು. ಒಂದು ತೊಟ್ಟು ಬುದ್ಧಿ, ಶಾಸ್ತ್ರಕ್ಕೆ ಅನ್ನೋ ಅಷ್ಟರಲ್ಲಿ ಅದ್ಯಾವನೋ ಬರ್ಕೊಂಡುಬಿಟ್ಟ. ದಂಡ ಅಂದ್ರು, ಗಡುವು ಕೊಟ್ರು. ಮುಂದಿನವನ್ನ ಕರೆದ್ರು.”

ಹೀಗೆ ಮಾವ ತಾವಾಗಿಯೇ ತಪ್ಪೊಪ್ಪಿಕೊಂಡ ಹಾಗಾಯಿತು. ಅವರ ಮನಸ್ಸಿನಲ್ಲಿ ಕೋರ್ಟು ಶಿಕ್ಷೆ ಕೊಟ್ಟದ್ದು ಆ ಒಂದು ತೊಟ್ಟಿಗೆ. ಅಪ್ಪ, ತಾತ ಎಲ್ಲರೂ ಬೀಳಿಸಿಕೊಂಡು ಬಂದ ತೊಟ್ಟಿಗೆ ತಾವು ತಪ್ಪು ಕಟ್ಟಿದರೆ ಅವರೆಲ್ಲರನ್ನೂ ಕಳ್ಳರು ಮಾಡಿದ ಹಾಗೆ ಎಂದು ಹಟ ಹಿಡಿದು ಕೂತರು. ದುಡ್ಡು ಮನೆಯಲ್ಲಿತ್ತು. ಅದು ದುಡ್ಡಿನ ಮಾತೇ ಆಗಿರಲಿಲ್ಲ.

ಗಡುವು ಮುಗಿದ ಮೇಲೆ ಒಂದು ಕಾಗದ ಬಂತು. ಹಿಂದೆ ಟೈಪು ಮಾಡಿದ ಇನ್ನೊಂದು ಹಾಳೆಯನ್ನು ಚುಚ್ಚಿದ್ದರು. ಮಾವ ಜಗುಲಿಯ ಮೇಲೆ ಕೂತು, ಓದವ್ವ ಎಂದು ನನ್ನ ಕೈಗೆ ಕೊಟ್ಟರು. ಓದಿದೆ. ದಂಡ ಕಟ್ಟದಿದ್ದರೆ ಚರಾಸ್ತಿ ಜಪ್ತಿ ಮಾಡಲಾಗುವುದು ಎಂದಿತ್ತು.

“ಚರಾಸ್ತಿ ಅಂದ್ರೆ ಏನವ್ವ?”

“ಎತ್ಕೊಂಡು ಹೋಗೋ ಅಂಥದ್ದು ಮಾವ. ಪಾತ್ರೆ, ಎಮ್ಮೆ, ಅಂಥದ್ದು.”

“ಇನ್ನೇನೈತೆ ಅದ್ರಾಗೆ?”

ಹಿಂದಿನ ಹಾಳೆಯಲ್ಲಿ ಹಾಲು ಪರೀಕ್ಷೆ ಮಾಡಿದವರ ವರದಿ ಇತ್ತು. ಹಾಲಿನಲ್ಲಿ ಎಷ್ಟು ಪಾಲು ನೀರು ಎಂದು ಲೆಕ್ಕ ಹಾಕಿ ಬರೆದಿದ್ದರು. ಅದು ತೊಟ್ಟಿನ ಲೆಕ್ಕ ಅಲ್ಲ. ನನ್ನ ಚೊಂಬಿನ ಲೆಕ್ಕ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನನ್ನ ಕಣ್ಣು ಆ ಸಾಲಿನ ಮೇಲೆ ಹೋಯಿತು, ಬಾಯಿ ಹೋಗಲಿಲ್ಲ. “ಅಷ್ಟೇ ಮಾವ, ಸಹಿ ಇದೆ, ಮೊಹರು ಇದೆ,” ಎಂದೆ. ಮಾವ ಕಾಗದವನ್ನು ಮಡಿಸಿ ದೇವರ ಗೂಡಿನಲ್ಲಿ ಇಟ್ಟರು. ಓದು ಬಲ್ಲ ಸೊಸೆ ಬಂದದ್ದು ಒಳ್ಳೆಯದಾಯಿತು ಎಂದು ಅತ್ತೆಗೆ ಹೇಳಿದರು. ನನ್ನ ಮಿಡ್ಲ್ ಸ್ಕೂಲು ಉಪಯೋಗಕ್ಕೆ ಬಂದದ್ದು ಹೀಗೆ.

ಜಪ್ತಿ ಮಾಡಲು ಕೋರ್ಟಿನ ಅಮೀನರು ಬಂದಾಗ ನನಗೆ ಎಂಟು ತಿಂಗಳು ತುಂಬಿತ್ತು. ಹೊತ್ತು ಏರಿತ್ತು. ಮಾವ ದಂಡಿನಿಂದ ವಾಪಸ್ಸು ಬಂದು ಕಾಲು ತೊಳೆಯುತ್ತಿದ್ದರು. ಅಮೀನರು ಎಂದರೆ ನಾನು ಮೀಸೆ ಹೊತ್ತ ದಢೂತಿ ಆಸಾಮಿಯನ್ನು ಅಂದುಕೊಂಡಿದ್ದೆ. ಬಂದವರು ಸಣಕಲು ಮನುಷ್ಯ, ಮಾಸಿದ ಕರಿ ಕೋಟು, ಕಂಕುಳಲ್ಲಿ ಛತ್ರಿ. ಜೊತೆಯಲ್ಲಿ ಎದೆಗೆ ಅಡ್ಡ ಪಟ್ಟಿ, ಹಿತ್ತಾಳೆ ಬಿಲ್ಲೆ ಹಾಕಿಕೊಂಡ ಜವಾನ. ಹೆಬ್ಬಾಳದ ಬಸ್ ನಿಲ್ಲುವ ಕಡೆಯಿಂದ ನಡೆದು ಬಂದು ಇಬ್ಬರೂ ಬೆವತುಹೋಗಿದ್ದರು. ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಇದು ಯಾರ ಮನೆ ತಾಯಿ?” ಎಂದು ಅಮೀನರು ಕೇಳಿದರು.

“ಅವ್ರ ಮನೆ,” ಎಂದರು ಅತ್ತೆ.

“ಅವ್ರು ಅಂದ್ರೆ ಯಾರು? ಹೆಸರು ಹೇಳಿ.”

ಗಂಡನ ಹೆಸರನ್ನು ಅತ್ತೆ ಮದುವೆಯಾದಾಗಿನಿಂದ ಬಾಯಲ್ಲಿ ಆಡಿದವರಲ್ಲ. ಕಾಲು ತೊಳೆಯುತ್ತಿದ್ದ ಮಾವನ ಕಡೆ ಕೈ ತೋರಿಸಿ, “ಅಗಾ, ಅವ್ರದು,” ಎಂದರು. ಜವಾನ ಮುಖ ತಿರುಗಿಸಿ ನಕ್ಕ. ಅಮೀನರು ವಾರಂಟನ್ನು ಬಿಚ್ಚಿ ಮಾವನ ಹೆಸರು ಓದಿದರು, ಜಪ್ತಿಯ ವಿಷಯ ಓದಿದರು.

“ಬಿಸಿಲಲ್ಲಿ ಬಂದವ್ರೆ. ಮೊದ್ಲು ಆಲು ಕೊಡವ್ವ ಇಬ್ರಿಗೂ,” ಎಂದರು ಮಾವ ನನಗೆ.

ಬೆಳಗಿನ ಹಾಲಿನಲ್ಲಿ ನನಗೆಂದು ಅತ್ತೆ ಎತ್ತಿಟ್ಟದ್ದು ಇತ್ತು. ಅದನ್ನೇ ಕಾಸಿ ಎರಡು ಲೋಟ ತಂದುಕೊಟ್ಟೆ. ಅಮೀನರು ಕುಡಿದು, ಮೇಲ್ತುಟಿಯ ಕೆನೆಯನ್ನು ಕರ್ಚೀಫಿನಲ್ಲಿ ಒರೆಸಿಕೊಂಡು, ಇಂಥ ಹಾಲು ಕುಡಿದು ಕಾಲವಾಯಿತು ಎಂದರು.

“ಇದ್ರಾಗೆ ನೀರೈತಾ? ನೀವೇ ಏಳಿ ಅಮೀನ್ರೇ.”

“ನಾನು ಅಳೆಯೋನಲ್ಲ ಯಜಮಾನ್ರೇ, ತಗೊಂಡು ಹೋಗೋನು. ದುಡ್ಡು ಕಟ್ಟಿಬಿಡಿ, ರಸೀದಿ ಬರೆದುಕೊಟ್ಟು ಹೋಗ್ತೀನಿ. ನನಗೂ ಎಮ್ಮೆ ಹಿಡ್ಕೊಂಡು ಅಷ್ಟು ದೂರ ನಡೆಯೋ ಆಸೆ ಇಲ್ಲ.”

“ದುಡ್ಡು ಐತೆ. ತಪ್ಪು ಇಲ್ಲ. ಇಲ್ದೇ ಇರೋ ತಪ್ಪು ಎಂಗೆ ಕಟ್ಲಿ?”

ಅಮೀನರು ನಿಟ್ಟುಸಿರು ಬಿಟ್ಟು ಚೀಲದಿಂದ ಕಾಗದ ತೆಗೆದರು. ಉಳುವ ಎತ್ತು, ನೇಗಿಲು, ಅಡುಗೆಯ ಪಾತ್ರೆ, ಹೆಂಗಸರ ತಾಳಿ ಮುಟ್ಟುವುದಿಲ್ಲ ಎಂದು ಹೇಳಿದರು. ಉಳಿದದ್ದರಲ್ಲಿ ಬೆಲೆ ಬಾಳುವುದು ಎಂದರೆ ಕರಾವು ಎಮ್ಮೆ. ಆ ವರ್ಷ ಇನ್ನೊಂದು ಎಮ್ಮೆ ಗಬ್ಬವಾಗಿ ಹಾಲು ಬತ್ತಿಸಿತ್ತು. ಮನೆ ನಿಂತಿದ್ದು ಈ ಒಂದರ ಮೇಲೆ. ಜವಾನ ಕೊಟ್ಟಿಗೆಗೆ ಹೋಗಿ ಹಗ್ಗಕ್ಕೆ ಕೈ ಹಾಕಿದ. ಎಮ್ಮೆ ಹೊಸಬನನ್ನು ಕಂಡು ಬುಸುಗುಟ್ಟಿತು. ಅಷ್ಟರಲ್ಲಿ ಬೇಲಿಯ ಆಚೆ ಊರಿನ ಏಳೆಂಟು ಜನ ಸೇರಿದ್ದರು.

ಮಾವ ಅವರನ್ನು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. ಎಮ್ಮೆ ಹೋದರೆ ಹೋಗಲಿ ಎಂದು ಅವರು ಗಟ್ಟಿ ಮಾಡಿಕೊಂಡಿದ್ದರು. ಆದರೆ ಅದು ಕಳ್ಳನ ಮನೆಯ ಎಮ್ಮೆಯಾಗಿ ಊರ ಬೀದಿಯಲ್ಲಿ ಹೋಗುವುದನ್ನು ತಡೆದುಕೊಳ್ಳಲು ಅವರಿಂದ ಆಗುತ್ತಿರಲಿಲ್ಲ.

“ಒಂದು ಗಳಿಗೆ ನಿಲ್ಲಿ ಅಮೀನ್ರೇ. ಕರ್ಪೂರ ಆರ್ಸಿ ಆಣೆ ಇಡ್ತೀವಿ. ಆಮೇಲೆ ಒಡ್ಕೊಂಡು ಓಗಿ.”

“ಆಣೆಗೆ ನನ್ನ ಕಾಗದದಲ್ಲಿ ಜಾಗ ಇಲ್ಲ ಯಜಮಾನ್ರೇ.”

“ನಿಮ್ಮ ಕಾಗದಕ್ಕಲ್ಲ. ಇವ್ರಿಗೆ,” ಎಂದು ಮಾವ ಬೇಲಿಯ ಕಡೆ ತೋರಿಸಿದರು.

ನಮ್ಮ ಕಡೆ ಅದೇ ಕೊನೆಯ ಆಣೆ. ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ, ನಾನು ಹೇಳಿದ್ದು ಸುಳ್ಳಾದರೆ ನನ್ನ ಮನೆಯ ದೀಪ ಹೀಗೇ ಆರಲಿ ಎನ್ನಬೇಕು. ಸುಳ್ಳಾದರೆ ತಟ್ಟುವುದು ಆಣೆ ಇಟ್ಟವರಿಗೆ ಮಾತ್ರವಲ್ಲ, ಮನೆಯ ಸಂತಾನಕ್ಕೆ. ಮಾವ ನನ್ನ ಕಡೆ ತಿರುಗಿದರು. “ಆಲು ಕರೆದೋಳು ಇವ್ಳು. ಇವ್ಳೇ ಆರಿಸ್ಲಿ. ಬಾರವ್ವ.”

ನನ್ನನ್ನು ಉಳಿಸಿದ್ದು ಅತ್ತೆ. “ನಿಮಗೇನು ತಲೆ ಕೆಟ್ಟೈತಾ? ತುಂಬಿದ ಬಸುರಿ ಕೈಲಿ ದೀಪ ಆರಿಸ್ತಾರಾ?” ಎಂದು ನನ್ನನ್ನು ಹಿಂದಕ್ಕೆ ಎಳೆದುಕೊಂಡರು. ಬೇಲಿಯ ಆಚೆಯವರೂ ಹೌದು ಹೌದು ಎಂದರು. ಮಾವ ತಲೆಯಾಡಿಸಿ, ಅದೂ ಸರಿ, ಇವಳ ಪರವಾಗಿ ನಾನೇ ಆರಿಸುತ್ತೇನೆ ಎಂದು ತಟ್ಟೆಯಲ್ಲಿ ಕರ್ಪೂರ ಹಚ್ಚಿದರು.

“ಈ ಮನೆ ಆಲಿಗೆ, ಶಾಸ್ತ್ರದ ಒಂದು ತೊಟ್ಟು ಬಿಟ್ರೆ,” ಎಂದು ಅಂಗೈಯನ್ನು ಮೇಲೆತ್ತಿದರು.

“ನಾನು ಹಾಕಿದ್ದು ಮಾವ,” ಎಂದೆ. “ನೀರು ನಾನು ಹಾಕಿದ್ದು. ಒಂದು ಚೊಂಬು.”

ಇದನ್ನು ಧೈರ್ಯ ಎಂದು ಯಾರೂ ತಿಳಿಯಬೇಡಿ. ಅಷ್ಟು ತಿಂಗಳು ಅವರ ಮಾನ ಹೋಗುತ್ತಿದ್ದಾಗ ನಾನು ಬಾಯಿ ಬಿಟ್ಟಿರಲಿಲ್ಲ. ಎಮ್ಮೆಯ ಹಗ್ಗ ಬಿಚ್ಚಿದಾಗಲೂ ಬಿಟ್ಟಿರಲಿಲ್ಲ. ಆ ಅಂಗೈ ಕೆಳಗಿಳಿದರೆ ತಟ್ಟುವುದು ನನ್ನ ಹೊಟ್ಟೆಯಲ್ಲಿರುವುದಕ್ಕೆ ಎಂಬ ಒಂದೇ ಭಯಕ್ಕೆ ಬಾಯಿ ತೆರೆಯಿತು. ಮಾವನ ಕೈ ಅಲ್ಲೇ ನಿಂತಿತು. ಕರ್ಪೂರ ತಾನಾಗಿಯೇ ಉರಿದು ಮುಗಿಯಿತು.

ಆಮೇಲೆ ಮಾವ ಬಹಳ ಮೆಲ್ಲಗೆ ಕೇಳಿದರು. “ಯಾಕವ್ವ? ನೀನು ಯಾಕೆ ನೀರು ಆಕ್ತೀಯ?”

ಇಲ್ಲಿ ನಾನು ಉತ್ತರ ಹೇಳಬೇಕಿತ್ತು. ಹಾಲು ಕದ್ದು ಕುಡಿಯುತ್ತಿದ್ದೆ ಮಾವ, ಅದನ್ನು ತುಂಬಿಸಲು ಹಾಕಿದೆ ಎನ್ನಬೇಕಿತ್ತು. ಬೇಲಿಯ ಆಚೆ ಏಳೆಂಟು ಜನ, ಈಚೆ ಅಮೀನ, ಜವಾನ. ಅಷ್ಟು ಜನರ ಮುಂದೆ ಬಸುರಿ ಸೊಸೆ ಕೊಟ್ಟಿಗೆಯಲ್ಲಿ ಅವಿತುಕೊಂಡು ಹಾಲು ಕುಡಿದಳು ಎಂದರೆ ನನ್ನ ಮರ್ಯಾದೆಯ ಜೊತೆ ಅತ್ತೆಯದೂ ಹೋಗುತ್ತದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅತ್ತೆಯದು ನೆಪ. ಕಳ್ಳಿ ಎನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ನೀರು ಹಾಕಿದವಳು ಎನಿಸಿಕೊಳ್ಳಲು ಸಿದ್ಧಳಿದ್ದೆ, ಹಾಲು ಕುಡಿದವಳು ಎನಿಸಿಕೊಳ್ಳಲು ಇರಲಿಲ್ಲ. ತಲೆ ತಗ್ಗಿಸಿ ಸುಮ್ಮನೆ ನಿಂತೆ.

ಮಾವನ ಮುಖ ಬೇರೆಯಾಯಿತು. ಕಣ್ಣಲ್ಲಿ ನೀರು ಬಂತು.

“ನೋಡಿದ್ರಾ ಅಮೀನ್ರೇ,” ಎಂದರು. “ನನ್ನ ಆಣೆ ತಪ್ಸಕ್ಕೆ ತಪ್ಪು ತನ್ನ ತಲೆ ಮೇಲೆ ಎಳ್ಕೊಂತಾವ್ಳೆ. ಒಂದು ಚೊಂಬು ನೀರು ಬಿದ್ದಿದ್ರೆ ಆಲಿನ ಬಣ್ಣ ನೋಡಿ ನಂಗೆ ತಿಳೀತಿರ್ಲಿಲ್ವಾ? ನಲವತ್ತು ವರ್ಷದಿಂದ ಆಲು ಒತ್ತೋನು ನಾನು.”

“ಇಂಥ ಸೊಸೆ ಸಿಗೋದು ಕಷ್ಟ ಯಜಮಾನ್ರೇ,” ಎಂದರು ಅಮೀನರು. ಬೇಲಿಯ ಆಚೆ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ನನ್ನ ಬೆನ್ನು ಸವರಿದರು. ನನ್ನ ಮಾತನ್ನು ನಂಬದೇ ಇರಲು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು.

ಇದು ಸುಳ್ಳಲ್ಲ ಎಂದು ತೋರಿಸಲು ಏನೂ ಕಷ್ಟ ಇರಲಿಲ್ಲ. ದೇವರ ಗೂಡು ನಾನು ನಿಂತಲ್ಲಿಂದ ಮೂರು ಮಾರು. ಕಾಗದ ಅದರಲ್ಲೇ ಇತ್ತು. ತೆಗೆದು ಅಮೀನರ ಕೈಗೆ ಕೊಟ್ಟು, ಹಿಂದಿನ ಹಾಳೆ ಓದಿ ಎಂದಿದ್ದರೆ ಸಾಕಿತ್ತು. ತೊಟ್ಟು ಯಾವುದು ಚೊಂಬು ಯಾವುದು ಎಂದು ಅವರು ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದರು. ನಾನು ಕದಲಲಿಲ್ಲ. ನಾನು ಹೇಳಬೇಕಾದದ್ದನ್ನು ಹೇಳಿಯಾಯಿತು, ಅವರು ನಂಬದಿದ್ದರೆ ನಾನೇನು ಮಾಡಲಿ ಎಂದು ಒಳಗೇ ಒಂದು ಮಾತು ಬಂತು. ಅದರ ಜೊತೆ ಎಂಥ ನೆಮ್ಮದಿ ಬಂತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಮಾವ ಅತ್ತೆಗೆ ದುಡ್ಡಿನ ಗಂಟು ತರಲು ಹೇಳಿದರು. “ಈ ಮಗು ಬಾಯಲ್ಲಿ ಇಂಥ ಮಾತು ಬರೋ ಅಂಗೆ ಮಾಡ್ದೋನು ನಾನು. ನನ್ನ ಅಟ. ಸಾಕು,” ಎಂದರು. ಆಮೇಲೆ ಹೆಗಲ ಮೇಲಿನ ಟವೆಲನ್ನು ಇಳಿಸಿ ಸೊಂಟಕ್ಕೆ ಸುತ್ತಿಕೊಂಡರು. ದುಡ್ಡನ್ನು ವೀಳ್ಯದೆಲೆಯ ಮೇಲಿಟ್ಟು ಎರಡೂ ಕೈಯಿಂದ ಚಾಚಿದರು. ಅಮೀನರಿಗೆ ಅದೇನೆಂದು ಅರ್ಥವಾಗಲಿಲ್ಲ. ತಾಂಬೂಲ ಎಂದುಕೊಂಡರೋ ಏನೋ, ಎಲೆಯನ್ನು ಹಿಂದಕ್ಕೆ ಕೊಟ್ಟು, ಅದೆಲ್ಲ ಬೇಡ ಯಜಮಾನ್ರೇ ಎಂದು ದುಡ್ಡನ್ನು ಮಾತ್ರ ತೆಗೆದುಕೊಂಡು ರಸೀದಿ ಬರೆದರು. ಬೇಲಿಯ ಆಚೆಯವರಿಗೆ ಅರ್ಥವಾಯಿತು. ಒಬ್ಬೊಬ್ಬರೇ ಸದ್ದಿಲ್ಲದೆ ಚದುರಿಹೋದರು. ಜವಾನ ಎಮ್ಮೆಯನ್ನು ಮತ್ತೆ ಗೂಟಕ್ಕೆ ಕಟ್ಟಿ, ಕೈ ಕೊಡವಿಕೊಂಡು ಬಂದ.

ಊರಿನ ಬಾಯಿಗೆ ಬೀಗ ಇಲ್ಲ. ದಂಡಿಗೆ ಹಾಲು ಹಾಕಿ ದಂಡ ಕಟ್ಟಿದ ಎಂದು ಹುಡುಗರು ಕೆಲವು ದಿನ ಆಡಿಕೊಂಡರು. ಮಾವ ಕೇಳಿಯೂ ಕೇಳದವರ ಹಾಗೆ ಅಡ್ಡೆ ಹೊತ್ತು ನಡೆಯುತ್ತಿದ್ದರು. ಆದರೆ ಹೊರಡುವ ಮುಂಚೆ ತಂಬಿಗೆಗೆ ಬೆರಳು ಅದ್ದುವುದನ್ನು ಅವತ್ತಿನಿಂದ ಬಿಟ್ಟರು. ತಪ್ಪು ಕಟ್ಟಿದ ಮೇಲೆ ಅದನ್ನೇ ಮತ್ತೆ ಮಾಡಬಾರದು ಎಂಬುದು ಅವರ ಲೆಕ್ಕ. ಅತ್ತೆಗೆ ಕೆಚ್ಚಲಿನ ಭಯ. ಮಾವ ಆಚೆ ತಿರುಗಿದಾಗ ತಾವೇ ಒಂದು ತೊಟ್ಟು ಬೀಳಿಸಿ, ಹೇಳಬೇಡ ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ನಾನು ಯಾರಿಗೆ ಏನು ಹೇಳಲಿ?

ನನಗೆ ಗಂಡು ಮಗುವಾಯಿತು. ಬಾಣಂತನ ಮುಗಿದು ಮೂರು ತಿಂಗಳಾಗಿರಬೇಕು, ಊರಿನಲ್ಲಿ ಅಣ್ಣತಮ್ಮಂದಿರಿಬ್ಬರ ನಡುವೆ ಬಾವಿಯ ನೀರಿಗೆ ಜಗಳ ಬಂತು. ಕಟ್ಟೆಯ ಮೇಲೆ ಕೂರುವ ಹಿರಿಯರಲ್ಲಿ ಇಬ್ಬರು ಸಂಜೆ ನಮ್ಮ ಮನೆಗೆ ಬಂದರು. ನಾಳೆ ನ್ಯಾಯ ಇದೆ, ಬರಬೇಕು ಎಂದು ಮಾವನನ್ನು ಕರೆದರು. ಅವರಿಗೆ ಗೊತ್ತಿಲ್ಲದೆ ಅಲ್ಲ. ಕೋರ್ಟಿನ ದಂಡವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದು ಬೇಡ ಎಂದು ಅವರವರೇ ಮಾತಾಡಿಕೊಂಡು ಬಂದಿದ್ದರು. ನಾನು ಮಗುವನ್ನು ಎತ್ತಿಕೊಂಡು ಬಾಗಿಲ ಒಳಗೆ ನಿಂತು ಕೇಳುತ್ತಿದ್ದೆ. ಮಾವ ಹೂಂ ಎನ್ನಲಿ ಎಂದು ನಾನು ಬೇಡಿಕೊಂಡಷ್ಟು ಆಮೇಲೆ ಯಾವತ್ತೂ ಏನನ್ನೂ ಬೇಡಿಕೊಂಡಿಲ್ಲ.

“ತಪ್ಪು ಕಟ್ಟಿದೋನು ಕಣ್ರಪ್ಪ ನಾನು. ಕಟ್ಟೆ ಅತ್ತಿ ಇನ್ನೊಬ್ರ ತಪ್ಪು ಎಂಗೆ ಕೇಳ್ಲಿ?” ಎಂದರು ಮಾವ. ಅವರು ಇನ್ನೊಂದು ಸಲ ಕರೆದರು. ಮಾವ ತಲೆ ಅಲ್ಲಾಡಿಸಿದರು. ಅವರು ಎದ್ದು ನಿಂತರು.

ನಾನು ಹೊಸ್ತಿಲು ದಾಟಿ ಜಗುಲಿಗೆ ಬಂದೆ. ಹೇಳಿಬಿಡುತ್ತೇನೆ, ಇವರ ಮುಂದೆಯೇ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಬಂದದ್ದು ನಿಜ. ಬಾಯಿ ತೆರೆದದ್ದೂ ನಿಜ. ಮಾವ ನನ್ನನ್ನು ನೋಡಿ ನಕ್ಕರು. ಅವರಿಬ್ಬರ ಕಡೆ ತಿರುಗಿ, “ಅಗೋ ನೋಡಿ, ನಂಗೆ ಓಗಿದ್ದು ಕಟ್ಟೆ ಜಾಗ ಅಷ್ಟೇ. ಮನೇಲಿ ಸತ್ಯವಂತೆ ಅವ್ಳೆ,” ಎಂದರು. ಅವರಿಬ್ಬರೂ ನನಗೆ, ಅವರ ಮೊಮ್ಮಗಳ ವಯಸ್ಸಿನವಳಿಗೆ, ಕೈಮುಗಿದರು.

“ಗಾಳಿ ಐತೆ. ಮಗೂನ ಒಳಕ್ಕೆ ಕರ್ಕೊಂಡೋಗವ್ವ,” ಎಂದರು ಮಾವ.

ನಾನು ಮಗುವನ್ನು ಎತ್ತಿಕೊಂಡು ಒಳಗೆ ಹೋದೆ.